ಇನ್ ಯುಟೆರೊ: ಹಾಡಿಗಿಂತ ಮೊದಲು ಕೇಳಿಸುವ ಕೋಣೆ

ಅಮೆರಿಕದ ರಾಕ್ ಬ್ಯಾಂಡ್ ನಿರ್ವಾಣದ ‘ಇನ್ ಯುಟೆರೊ’ ಆಲ್ಬಮ್‌ನಲ್ಲಿ ಎರಡನೇ ಹಾಡು ‘ಸೆಂಟ್‌ಲೆಸ್ ಅಪ್ರೆಂಟಿಸ್’. ಅದು ಬರೀ ಡ್ರಮ್ಸ್‌ನಿಂದ ಶುರುವಾಗುತ್ತದೆ. ಗಿಟಾರ್ ಬರುವ ಮೊದಲಿನ ಆ ಕೆಲವು ಸೆಕೆಂಡುಗಳನ್ನು ಒಳ್ಳೆ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಡೇವ್ ಗ್ರೋಲ್ ಹೊಡೆದ ಪೆಟ್ಟು ಕೇಳುತ್ತದೆ. ಅದರ ಬೆನ್ನಿಗೇ ಆ ಪೆಟ್ಟು ಗೋಡೆಗೆ ತಾಗಿ, ಸೂರಿಗೆ ತಾಗಿ ವಾಪಸ್ ಬಂದದ್ದೂ ಕೇಳುತ್ತದೆ. ಕೋಣೆ ಎಷ್ಟು ದೊಡ್ಡದು, ಸೂರು ಎಷ್ಟು ಎತ್ತರ ಅಂತ ಕೂತಲ್ಲೇ ಅಂದಾಜು ಮಾಡಬಹುದು. ಹಾಡುವವನು ಬಾಯಿ ಬಿಡುವ ಮೊದಲೇ ನಾವು ಆ ಕೋಣೆಯೊಳಗೆ ಹೋಗಿ ನಿಂತಿರುತ್ತೇವೆ.

ಈ ಆಲ್ಬಮ್ ಬಗ್ಗೆ ಜನ ಬರೆದಿರುವುದು ಬೇಕಾದಷ್ಟಿದೆ. ಅದರಲ್ಲಿ ಬಹುಪಾಲು ಎರಡೇ ವಿಷಯ. ರೆಕಾರ್ಡ್ ಕಂಪನಿ ಜತೆಗಿನ ಜಗಳ, ಆಮೇಲೆ ಹಾಡುಗಾರ ಕರ್ಟ್ ಕೋಬೇನ್ ಸಾವು. ಎರಡೂ ಮುಖ್ಯವೇ, ಇಲ್ಲ ಅನ್ನಲ್ಲ. ಆದರೆ ಬೆಂಗಳೂರಿನಲ್ಲಿ ಗಿಟಾರ್ ನೇತುಹಾಕಿಕೊಂಡು ಬಸ್ಸು ಹತ್ತಿದ ಹುಡುಗರಿಗೆ ಇದರಿಂದ ಸಿಗಬಹುದಾಗಿದ್ದದ್ದು ಬೇರೆಯೇ ಇತ್ತು. ಇಲ್ಲಿನ ಬ್ಯಾಂಡ್‌ಗಳು ಇದರಿಂದ ಕೂಗಾಟ ತಗೊಂಡವು, ಗೊರಗೊರ ಅನ್ನುವ ಗಿಟಾರ್ ತಗೊಂಡವು, ಬೆಂಗಳೂರಿನ ಬಿಸಿಲಲ್ಲಿ ಕೋಬೇನ್‌ನಂಥ ಉಣ್ಣೆ ಸ್ವೆಟರ್ ಕೂಡ ತಗೊಂಡವು. ಕೋಣೆಯನ್ನು ಮಾತ್ರ ಅಲ್ಲೇ ಬಿಟ್ಟವು.

ಹಿನ್ನೆಲೆ ಚಿಕ್ಕದಾಗಿ ಹೇಳಿಬಿಡುತ್ತೇನೆ. 1991ರ ಸೆಪ್ಟೆಂಬರ್‌ನಲ್ಲಿ ನಿರ್ವಾಣದ ‘ನೆವರ್‌ಮೈಂಡ್’ ಆಲ್ಬಮ್ ಬಂತು. 1992ರ ಜನವರಿಯಲ್ಲಿ ಅದು ಮೈಕಲ್ ಜಾಕ್ಸನ್‌ನ ‘ಡೇಂಜರಸ್’ ಅನ್ನು ಕೆಳಗಿಳಿಸಿ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಮೂರೇ ಜನರ ಬ್ಯಾಂಡ್: ಹಾಡು ಮತ್ತು ಗಿಟಾರ್‌ಗೆ ಕೋಬೇನ್, ಬೇಸ್‌ಗೆ ಕ್ರಿಸ್ಟ್ ನೊವೊಸೆಲಿಕ್, ಡ್ರಮ್ಸ್‌ಗೆ ಗ್ರೋಲ್. ಅದನ್ನು ರೆಕಾರ್ಡ್ ಮಾಡಿಸಿದ್ದು ಬುಚ್ ವಿಗ್, ಮಿಕ್ಸ್ ಮಾಡಿದ್ದು, ಅಂದರೆ ವಾದ್ಯ, ಧ್ವನಿ ಎಲ್ಲ ಹದವಾಗಿ ಬೆರೆಸಿದ್ದು ಆ್ಯಂಡಿ ವ್ಯಾಲೆಸ್. ಕೇಳೋಕೆ ನುಣುಪಾಗಿದೆ, ರೇಡಿಯೋಗೆ ಹೇಳಿ ಮಾಡಿಸಿದ ಹಾಗಿದೆ. ಕೋಬೇನ್‌ಗೆ ಆಮೇಲೆ ಕಿರಿಕಿರಿಯಾಗಿದ್ದೂ ಆ ನುಣುಪೇ. ಮುಂದಿನದು ಹೀಗಿರಬಾರದು ಅಂತ ಹಟ ಹಿಡಿದ. ಆ ಹಟಕ್ಕೆ ಸರಿಯಾಗಿ ಹುಡುಕಿದ್ದು ಷಿಕಾಗೋದ ಸ್ಟೀವ್ ಆಲ್ಬಿನಿಯನ್ನು.

ಆಲ್ಬಿನಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಆತ ತಾನೇ ಬಿಗ್ ಬ್ಲ್ಯಾಕ್ ಅನ್ನುವ ಬ್ಯಾಂಡ್ ಕಟ್ಟಿದ್ದವನು. ಪಿಕ್ಸೀಸ್ ಬ್ಯಾಂಡಿನ ‘ಸರ್ಫರ್ ರೋಸಾ’, ಬ್ರೀಡರ್ಸ್ ಬ್ಯಾಂಡಿನ ‘ಪಾಡ್’ ಎರಡನ್ನೂ ರೆಕಾರ್ಡ್ ಮಾಡಿದ್ದ. ಕೋಬೇನ್‌ಗೆ ಎರಡೂ ಪ್ರಾಣ. ಆಲ್ಬಿನಿಗೆ ಮಾತ್ರ ನಿರ್ವಾಣ ಅಂದರೆ ಅಂಥ ದೊಡ್ಡ ಅಭಿಪ್ರಾಯ ಇರಲಿಲ್ಲ. ಆರ್‌ಇಎಂ ಬ್ಯಾಂಡಿಗೆ ಗಿಟಾರ್ ಅನ್ನು ಗೊರಗೊರ ಅನ್ನಿಸುವ ಒಂದು ಫಜ್ ಪೆಡಲ್ ಸೇರಿಸಿದರೆ ಇವರು, ಅಷ್ಟೇ ಅನ್ನುವ ಧಾಟಿಯಲ್ಲಿ ಮಾತಾಡಿದ್ದ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಇದಕ್ಕೊಂದು ತಮಾಷೆ ಇದೆ.

ತನ್ನನ್ನು ಪ್ರೊಡ್ಯೂಸರ್ ಅಂದರೆ ಆಲ್ಬಿನಿಗೆ ಆಗುತ್ತಿರಲಿಲ್ಲ. ನಾನು ರೆಕಾರ್ಡ್ ಮಾಡುವ ಎಂಜಿನಿಯರ್ ಅನ್ನುತ್ತಿದ್ದ. ಕೆಲಸ ಒಪ್ಪಿಕೊಳ್ಳುವ ಮೊದಲು ಬ್ಯಾಂಡಿಗೆ ಒಂದು ಉದ್ದ ಕಾಗದ ಬರೆದ. ಆ ಕಾಗದ ಈಗ ಎಲ್ಲರಿಗೂ ಓದಲು ಸಿಗುತ್ತದೆ. ಅದರಲ್ಲಿ ಆತ ಹೇಳಿದ್ದು ಇಷ್ಟು: ಬೇಗ ಬೇಗ ರೆಕಾರ್ಡ್ ಮಾಡೋಣ. ಒಂದು ಆಲ್ಬಮ್‌ಗೆ ವಾರಕ್ಕಿಂತ ಜಾಸ್ತಿ ಬೇಕಾದರೆ ಯಾರೋ ಎಲ್ಲೋ ಕೆಲಸ ಕೆಡಿಸುತ್ತಿದ್ದಾರೆ ಅಂತ ಅರ್ಥ. ಕಂಪನಿಯವರ ಕೈ ನಡುವೆ ಬರಬಾರದು. ಇನ್ನು ದುಡ್ಡಿನ ವಿಷಯ. ಹಾಡು ಬರೆಯುವವರು ನೀವು, ನುಡಿಸುವವರು ನೀವು, ಕೊಂಡುಕೊಳ್ಳುವವರು ನಿಮ್ಮ ಅಭಿಮಾನಿಗಳು. ನನಗೇಕೆ ರಾಯಲ್ಟಿ? ಪ್ಲಂಬರ್‌ಗೆ ಕೊಡುವ ಹಾಗೆ ಕೊಡಿ, ಕೆಲಸ ಮಾಡುತ್ತೇನೆ, ಅದಕ್ಕೆ ತಕ್ಕ ಕೂಲಿ ತಗೊಂಡು ಹೋಗುತ್ತೇನೆ. 30 ಲಕ್ಷ ಪ್ರತಿ ಹೋಗುತ್ತದೆ ಅಂದುಕೊಂಡರೂ ರಾಯಲ್ಟಿ ಲೆಕ್ಕದಲ್ಲಿ ಸುಮಾರು 4 ಲಕ್ಷ ಡಾಲರ್ ಆಗುತ್ತದೆ, ಅಷ್ಟು ದುಡ್ಡು ತಗೊಂಡರೆ ನನಗೆ ನಿದ್ದೆ ಬರುವುದಿಲ್ಲ ಅಂತಲೂ ಬರೆದಿದ್ದ. ಕೊನೆಗೆ 1 ಲಕ್ಷ ಡಾಲರ್ ಒಂದೇ ಮೊತ್ತ ತಗೊಂಡ. ಸ್ಟುಡಿಯೋಗೆ 24 ಸಾವಿರ ಡಾಲರ್ ಆಯಿತು. ಎಲ್ಲವನ್ನೂ ಬ್ಯಾಂಡೇ ಕೈಯಿಂದ ಕೊಟ್ಟಿತು.

ಈ ಕಾಗದವನ್ನು ಹನುಮಂತನಗರದಲ್ಲಿ ಚಿಕ್ಕ ರೆಕಾರ್ಡಿಂಗ್ ಸ್ಟುಡಿಯೋ ಇಟ್ಟುಕೊಂಡಿರುವ ನನ್ನ ಗೆಳೆಯನಿಗೆ ಓದಿ ಹೇಳಿದ್ದೆ. ಅವನು ಕೀರ್ತನೆ, ಭಾವಗೀತೆ, ಜಾಹೀರಾತು, ಸೀರಿಯಲ್ ಡಬ್ಬಿಂಗ್, ಎಲ್ಲ ಮಾಡುತ್ತಾನೆ. ‘ಇದರಲ್ಲೇನಿದೆ ಮಾರಾಯ, ನಮ್ಮ ತಬಲಾದವರು, ಕೊಳಲಿನವರು ಎಲ್ಲ ಹಾಗೇ ಅಲ್ವಾ? ಕಾಲ್‌ಶೀಟ್ ಲೆಕ್ಕ. ಬಂದರು, ನುಡಿಸಿದರು, ಕವರ್ ತಗೊಂಡು ಹೋದರು’ ಅಂದ. ಮಾತು ನಿಜ. ಆದರೆ ನಮ್ಮ ಕೊಳಲಿನವರಿಗೆ ಬೇರೆ ದಾರಿ ಇಲ್ಲ. ಆಲ್ಬಿನಿಗೆ ಇತ್ತು. ಮುಂದೆ ಬರುತ್ತಿದ್ದ ದುಡ್ಡಿಗೆ ಬೇಡ ಅಂದವನು ಆತ. ಹಾಗಂತ 1 ಲಕ್ಷ ಡಾಲರ್ ಕಡಿಮೆ ಕೂಲಿಯೇನೂ ಅಲ್ಲ ಅನ್ನಿ. ಪ್ಲಂಬರ್ ಮಾತನ್ನು ಉದಾಹರಿಸುವವರು ಈ ಅಂಕಿಯನ್ನು ಮೆಲ್ಲಗೆ ಬಿಟ್ಟುಬಿಡುತ್ತಾರೆ.

1993ರ ಫೆಬ್ರವರಿಯಲ್ಲಿ ಕೆಲಸ ಶುರುವಾಯಿತು. ಜಾಗ ಮಿನೆಸೊಟಾ ರಾಜ್ಯದ ಕ್ಯಾನನ್ ಫಾಲ್ಸ್ ಊರಿನ ಹೊರಗೆ, ಮರಗಳ ನಡುವೆ ಇರುವ ಪ್ಯಾಕಿಡರ್ಮ್ ಸ್ಟುಡಿಯೋ. ಸುತ್ತ ಹಿಮ. ಬುಕ್ ಮಾಡಿದ್ದು ‘ಸೈಮನ್ ರಿಚಿ ಗ್ರೂಪ್’ ಅನ್ನುವ ಹೆಸರಲ್ಲಿ. ಸೆಕ್ಸ್ ಪಿಸ್ಟಲ್ಸ್ ಬ್ಯಾಂಡಿನ ಸಿಡ್ ವಿಷಸ್‌ನ ಅಸಲಿ ಹೆಸರು ಅದು. 13ಕ್ಕೆ ಶುರು, 26ಕ್ಕೆ ಮುಗಿಯಿತು, ಮಿಕ್ಸಿಂಗ್ ಸೇರಿ. ಜಗತ್ತಿನಲ್ಲೇ ಅತಿ ಹೆಚ್ಚು ಕಣ್ಣು ನೆಟ್ಟಿದ್ದ ರಾಕ್ ಬ್ಯಾಂಡ್ ಎರಡು ವಾರದಲ್ಲಿ ಗಂಟುಮೂಟೆ ಕಟ್ಟಿ ಹೊರಟಿತು. ಬಿಡುವಿನಲ್ಲಿ ಆಲ್ಬಿನಿ ಮತ್ತು ಇವರು ಸೇರಿಕೊಂಡು ಗೊತ್ತಿದ್ದವರಿಗೆಲ್ಲ ಫೋನ್ ಮಾಡಿ ಯಾಮಾರಿಸುತ್ತಿದ್ದರಂತೆ. ಕರಾಳ ಆಲ್ಬಮ್, ನರಳಾಟದ ಆಲ್ಬಮ್ ಅಂತ ಓದಿ ಓದಿ ಸಾಕಾದವರಿಗೆ ಈ ವಿವರ ಸ್ವಲ್ಪ ಸಮಾಧಾನ ಕೊಡುತ್ತದೆ.

ಮೂವರೂ ಒಟ್ಟಿಗೆ ನುಡಿಸಿದ್ದನ್ನೇ ಟೇಪ್‌ಗೆ ಇಳಿಸಿದರು. ಡ್ರಮ್ಸ್ ಇದ್ದದ್ದು ಶಬ್ದ ಚೆನ್ನಾಗಿ ಮರಳುವ ಕೋಣೆಯಲ್ಲಿ. ಆಲ್ಬಿನಿ ಅದರ ಸುತ್ತ ಸುಮಾರು 30 ಮೈಕ್ ಇಟ್ಟಿದ್ದ. ಕೆಲವು ಚರ್ಮದ ಹತ್ತಿರ, ಕೆಲವು ದೂರ. ಅದರ ಲೆಕ್ಕ ಸರಳ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಐದು ಮೀಟರ್ ದೂರದ ಮೈಕ್‌ಗೆ ಪೆಟ್ಟು ತಲುಪುವ ಹೊತ್ತಿಗೆ ಸೆಕೆಂಡನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ 15 ಭಾಗ ಕಳೆದಿರುತ್ತದೆ. ಗೋಡೆ ಮುಟ್ಟಿ ಬಂದದ್ದು ಇನ್ನೂ ತಡ. ಇಷ್ಟು ಚಿಕ್ಕ ವ್ಯತ್ಯಾಸವನ್ನು ಕಿವಿ ಎರಡು ಶಬ್ದ ಅಂತ ಬಿಡಿಸಿ ಹೇಳುವುದಿಲ್ಲ. ‘ದೊಡ್ಡ ಜಾಗ’ ಅಂತ ಮಾತ್ರ ಹೇಳುತ್ತದೆ. ಹತ್ತಿರದ ಮೈಕ್‌ನಿಂದ ಪೆಟ್ಟಿನ ಏಟು, ದೂರದ ಮೈಕ್‌ನಿಂದ ಜಾಗ. ಎರಡನ್ನೂ ಎಷ್ಟೆಷ್ಟು ಬೆರೆಸಬೇಕು ಅನ್ನುವುದರಲ್ಲಿ ಆಲ್ಬಿನಿಯ ಇಡೀ ವಿದ್ಯೆ ಇದೆ. ‘ವೆರಿ ಏಪ್’ ಮತ್ತು ‘ಟುರೆಟ್ಸ್’ ಎರಡು ಹಾಡಿಗೆ ಆ ಕೋಣೆಯೂ ಸಾಲಲಿಲ್ಲ. ಡ್ರಮ್ಸ್ ಎತ್ತಿಕೊಂಡು ಹೋಗಿ ಅಡುಗೆ ಮನೆಯಲ್ಲಿ ಇಟ್ಟರು. ಅಲ್ಲಿನ ಮಾರ್ದನಿ ಬೇಕಿತ್ತು ಅವರಿಗೆ.

ಈಗ ನಮ್ಮ ಊರಿಗೆ ಬನ್ನಿ.

ತೊಂಬತ್ತರ ದಶಕದ ಕೊನೆ, ಎರಡು ಸಾವಿರದ ಮೊದಲ ವರ್ಷಗಳ ಬೆಂಗಳೂರು. ಕಾಲೇಜು ಫೆಸ್ಟ್‌ಗಳಲ್ಲಿ ಬ್ಯಾಂಡ್ ಸ್ಪರ್ಧೆ, ಲಾ ಸ್ಕೂಲಿನ ಸ್ಟ್ರಾಬೆರಿ ಫೀಲ್ಡ್ಸ್, ಆಗಸ್ಟ್ 15ಕ್ಕೆ ಫ್ರೀಡಂ ಜ್ಯಾಮ್. ರೆಸ್ಟ್ ಹೌಸ್ ರೋಡಿನ ಪೆಕೋಸ್ ಪಬ್‌ನಲ್ಲಿ ಯಾವ ಹಾಡು ಹಾಕಬೇಕು ಅನ್ನುವ ವಾದ. ಸ್ಪರ್ಧೆಗೆ ಹೋದರೆ ಒಂದು ಕವರ್, ಅಂದರೆ ಬೇರೆಯವರ ಹಾಡು, ಒಂದು ಓಸಿ, ಅಂದರೆ ಸ್ವಂತ ಹಾಡು. ಅಭ್ಯಾಸಕ್ಕೆ ಗಂಟೆ ಲೆಕ್ಕದ ಜ್ಯಾಮ್ ರೂಮ್. ಮಹಡಿ ಮೇಲಿನ ಒಂದು ಚಿಕ್ಕ ರೂಮು, ಕಿಟಕಿಗೆ ಥರ್ಮೊಕೋಲ್, ಗೋಡೆ ತುಂಬ ಮೊಟ್ಟೆ ಟ್ರೇ, ನೆಲಕ್ಕೆ ಹಳೇ ಕಾರ್ಪೆಟ್. ಮೊಟ್ಟೆ ಟ್ರೇ ಅಂಟಿಸಿದರೆ ಶಬ್ದ ಹೊರಗೆ ಹೋಗಲ್ಲ ಅನ್ನುವುದು ಈ ನಗರದ ಗಟ್ಟಿ ನಂಬಿಕೆಗಳಲ್ಲಿ ಒಂದು. ತೆಳು ರಟ್ಟು ತಡೆಯುವುದು ಸಣ್ಣ ಚುರುಕು ಶಬ್ದವನ್ನು ಮಾತ್ರ. ಬೇಸ್ ಡ್ರಮ್ಮಿನ ದಢದಢ ನೇರವಾಗಿ ಪಕ್ಕದ ಮನೆಯ ಪಾತ್ರೆ ಸ್ಟ್ಯಾಂಡಿಗೆ ಹೋಗುತ್ತದೆ. ಹೋಗಿದ್ದಕ್ಕೆ ಸಾಕ್ಷಿಯಾಗಿ ಪಕ್ಕದ ಮನೆ ಆಂಟಿ ಬಾಗಿಲಿಗೆ ಬರುತ್ತಾರೆ. ‘ಏನ್ರಪ್ಪಾ, ಮಗೂಗೆ ಪರೀಕ್ಷೆ ಇದೆ, ಒಂದ್ ಚೂರು ನಿಲ್ಲಿಸ್ತೀರಾ?’ ಇಂಥ ರೂಮಿನಲ್ಲಿ ಎತ್ತರದ ಶಬ್ದ ಸತ್ತು, ಕೆಳಗಿನದು ಮಾತ್ರ ಗುಂಯ್ ಅಂತ ಸುತ್ತುತ್ತಿರುತ್ತದೆ. ಡ್ರಮ್ಸ್ ಕೇಳಿದರೆ ದಿಂಬಿಗೆ ಹೊಡೆದ ಹಾಗಿರುತ್ತದೆ.

ರೆಕಾರ್ಡಿಂಗ್‌ಗೆ ಹೋದರೆ ಇನ್ನೊಂದು ಕಷ್ಟ. ಇಲ್ಲಿನ ಹೆಚ್ಚಿನ ಸ್ಟುಡಿಯೋ ಕಟ್ಟಿಸಿದ್ದೇ ಧ್ವನಿಗೆ, ಒಂದೊಂದೇ ವಾದ್ಯಕ್ಕೆ. ಸಿನಿಮಾ, ಕ್ಯಾಸೆಟ್ ಕಂಪನಿ, ಜಾಹೀರಾತು ಇವರೇ ಗಿರಾಕಿಗಳು. ಅವರಿಗೆ ಬೇಕಾದ್ದು ಯಾವ ಮಾರ್ದನಿಯೂ ಇಲ್ಲದ ಒಣ ಕೋಣೆ. ಗಾಯಕಿ ಬಂದು ಹಾಡಿ ಹೋಗುತ್ತಾರೆ, ಜಾಗವನ್ನು ಆಮೇಲೆ ಮೆಷಿನ್‌ನಲ್ಲಿ ಸೇರಿಸುತ್ತಾರೆ. ಆ ಕೆಲಸಕ್ಕೆ ಅದೇ ಸರಿ. ಆದರೆ ಅದೇ ಕೋಣೆಗೆ ಒಂದು ಡ್ರಮ್ ಸೆಟ್ ತಂದರೆ ಕಷ್ಟ. ಅದಕ್ಕೇ ಎಷ್ಟೋ ಬ್ಯಾಂಡ್‌ಗಳು ಡ್ರಮ್ಸ್ ಅನ್ನು ಕಂಪ್ಯೂಟರ್‌ನಲ್ಲೇ ಬರೆದವು. ಬೇರೆ ಯಾವುದೋ ದೇಶದ ಕೋಣೆಯಲ್ಲಿ ಯಾರೋ ಹೊಡೆದ ಪೆಟ್ಟನ್ನು ತಂದು ಇಲ್ಲಿನ ಗಿಟಾರ್ ಕೆಳಗೆ ಇಟ್ಟವು. ವೇದಿಕೆ ಮೇಲೆ ಮೈ ಜುಮ್ಮೆನ್ನಿಸಿದ ಬ್ಯಾಂಡ್‌ಗಳು ಸೀಡಿಯಲ್ಲಿ ಪೇಲವವಾಗಿ ಕೇಳಿಸಲು ಇದು ದೊಡ್ಡ ಕಾರಣ ಅಂತ ನನ್ನ ಲೆಕ್ಕ. ಹುಡುಗರ ಕೈಯಲ್ಲಿ ದಮ್ಮಿರಲಿಲ್ಲ ಅನ್ನುವುದು ಸುಳ್ಳು. ಕೋಣೆ ಇರಲಿಲ್ಲ.

ಒಂದು ಮಾತು ಹೇಳಬೇಕು. ಶಬ್ದ ಚೆನ್ನಾಗಿ ಮರಳುವ ಜಾಗಕ್ಕೆ ಈ ಊರಿನಲ್ಲಿ ಬರವಿರಲಿಲ್ಲ. ಬಸವನಗುಡಿ, ಚಾಮರಾಜಪೇಟೆಯ ಹಳೇ ಮನೆಗಳ ನಡುಮನೆ, ರೆಡ್ ಆಕ್ಸೈಡ್ ನೆಲ, ಎತ್ತರದ ಸೂರು. ಅಲ್ಲಿ ಯಾರಾದರೂ ಕೆಮ್ಮಿದರೂ ಗಂಭೀರವಾಗಿ ಕೇಳುತ್ತಿತ್ತು. ಅಲ್ಲಿಗೆ ಮೈಕ್ ತಗೊಂಡು ಹೋಗಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಹೊಳೆಯುವ ಹೊತ್ತಿಗೆ ಅವು ಅಪಾರ್ಟ್‌ಮೆಂಟ್ ಆಗಿದ್ದವು.

ಮತ್ತೆ ಅಮೆರಿಕ. ಆಲ್ಬಮ್ ಮುಗಿದ ಮೇಲೆ ಶುರುವಾದದ್ದು ಜಗಳ. ಟೇಪ್ ಕೇಳಿದ ಕಂಪನಿಯವರಿಗೆ, ಬ್ಯಾಂಡಿನ ಮ್ಯಾನೇಜರ್‌ಗಳಿಗೆ ಇಷ್ಟವಾಗಲಿಲ್ಲ. ಏಪ್ರಿಲ್‌ನಲ್ಲಿ ‘ಷಿಕಾಗೋ ಟ್ರಿಬ್ಯೂನ್’ ಪತ್ರಿಕೆಗೆ ಆಲ್ಬಿನಿ, ಆಲ್ಬಮ್ ಹೊರತರಬೇಕಿದ್ದ ಗೆಫೆನ್ ಕಂಪನಿಗೇ ಅದು ಕಂಡರಾಗದು ಅಂತ ಹೇಳಿಬಿಟ್ಟ. ಆಮೇಲೆ ‘ನ್ಯೂಸ್‌ವೀಕ್’ ಕೂಡ ಬರೆಯಿತು. ಬ್ಯಾಂಡ್ ಅದಕ್ಕೆ ಉತ್ತರ ಬರೆದು, ‘ಬಿಲ್‌ಬೋರ್ಡ್’ನಲ್ಲಿ ಇಡೀ ಪುಟದ ಜಾಹೀರಾತಾಗಿ ಹಾಕಿಸಿತು. ಯಾರೂ ನಮ್ಮ ಮೇಲೆ ಒತ್ತಡ ಹಾಕಿಲ್ಲ ಅನ್ನುವುದು ಅವರ ವಾದ.

ಈ ಕತೆಯನ್ನು ಜನ ಹೇಳುವ ರೀತಿ ನನಗೆ ಒಪ್ಪಿಗೆಯಿಲ್ಲ. ಒಂದು ಕಡೆ ಶುದ್ಧ ಆಲ್ಬಿನಿ, ಇನ್ನೊಂದು ಕಡೆ ದುಡ್ಡಿನ ಆಸೆಯ ಕಂಪನಿ, ನಡುವೆ ಹೆದರಿದ ಕೋಬೇನ್. ಸಿನಿಮಾಗೆ ಚೆನ್ನಾಗಿರುತ್ತದೆ. ಆದರೆ ಕೋಬೇನ್‌ಗೂ ನೊವೊಸೆಲಿಕ್‌ಗೂ ತಮ್ಮದೇ ತಕರಾರು ಇತ್ತು. ಬೇಸ್ ಕೇಳಿಸುತ್ತಿಲ್ಲ, ಹಾಡುವ ಧ್ವನಿ ಹಿಂದೆ ಸರಿದಿದೆ. ಆಲ್ಬಿನಿಗೆ ಧ್ವನಿ ಕೂಡ ಇನ್ನೊಂದು ವಾದ್ಯ. ಗಿಟಾರ್ ಪಕ್ಕದಲ್ಲಿ ಅದು ನಿಲ್ಲಬೇಕು, ಮುಂದೆ ಬಂದು ನಿಲ್ಲಬಾರದು. ಕೋಬೇನ್ ಮಾತ್ರ ಒಳಗೊಳಗೆ ಬೀಟಲ್ಸ್ ಕೇಳಿ ಬೆಳೆದ ಹುಡುಗ. ಅವನಿಗೆ ತನ್ನ ಹಾಡಿನ ಧಾಟಿ ಜನಕ್ಕೆ ತಲುಪಬೇಕಿತ್ತು.

ನನ್ನ ಸೋದರತ್ತೆ ಸುಗಮ ಸಂಗೀತ ಹಾಡುತ್ತಿದ್ದವರು. ಬಡಾವಣೆಯ ರಾಜ್ಯೋತ್ಸವ, ಗಣೇಶನ ಹಬ್ಬ, ದೂರದರ್ಶನದಲ್ಲೂ ಒಂದೆರಡು ಸಲ. ‘ಇನ್ ಯುಟೆರೊ’ ನನ್ನ ಕೈಗೆ ಬಂದದ್ದು ಕಾಲೇಜಿನಲ್ಲಿ, ಗೆಳೆಯ ಡಬ್ ಮಾಡಿ ಕೊಟ್ಟ 90 ನಿಮಿಷದ ಕ್ಯಾಸೆಟ್‌ನಲ್ಲಿ. ಆಲ್ಬಮ್ 41 ನಿಮಿಷ ಚಿಲ್ಲರೆ, ಒಂದು ಮುಖಕ್ಕೆ ಸರಿಯಾಗಿ ಕೂತಿತ್ತು. ಖಾಲಿ ಇದ್ದ ಇನ್ನೊಂದು ಮುಖದಲ್ಲಿ ಅತ್ತೆ ತಮ್ಮ ಕಾರ್ಯಕ್ರಮವೊಂದನ್ನು ತುಂಬಿಸಿಕೊಂಡಿದ್ದರು. ಒಂದು ಮಧ್ಯಾಹ್ನ ಅವರು ತಮ್ಮದು ಅಂತ ಹಾಕಿದರೆ ಕೋಬೇನ್ ಬಂದ. ಅವರು ಆಫ್ ಮಾಡಲಿಲ್ಲ. ಸ್ವಲ್ಪ ಹೊತ್ತು ಕೇಳಿ, ‘ಹುಡುಗನ ಕಂಠದಲ್ಲಿ ಏನೋ ಇದೆ ಕಣೋ. ಆದರೆ ಆ ತಮಟೆ ಮಧ್ಯೆ ಸಾಹಿತ್ಯ ಕೇಳಿಸೋದು ಬೇಡ್ವಾ?’ ಅಂದರು.

ಅವರು ಬೇಂದ್ರೆ, ಕೆ.ಎಸ್. ನರಸಿಂಹಸ್ವಾಮಿ ಅವರ ಕವಿತೆಗಳನ್ನು ಹಾಡಿದವರು. ಸುಗಮ ಸಂಗೀತದಲ್ಲಿ ಮೊದಲು ಮಾತು, ಆಮೇಲೆ ರಾಗ, ತಬಲಾ ಅದರ ಹಿಂದೆ. ಕವಿಯ ಒಂದು ಅಕ್ಷರ ನುಂಗಿದರೂ ಅತ್ತೆಗೆ ಸಿಟ್ಟು. ಅವರ ತಕರಾರು ಮತ್ತು ನೊವೊಸೆಲಿಕ್ ತಕರಾರು ಹೆಚ್ಚು ಕಡಿಮೆ ಒಂದೇ. ತಮಾಷೆ ಅಂದರೆ ಅತ್ತೆ ಕೇಳಿದ್ದು ಧ್ವನಿಯನ್ನು ಮೇಲೆತ್ತಿದ ಮೇಲಿನ ಆಲ್ಬಮ್. ಮೊದಲಿನದು ಕೇಳಿದ್ದರೆ ಏನನ್ನುತ್ತಿದ್ದರೋ.

ಸರಿಪಡಿಸಿದ್ದು ಎರಡು ಹಂತದಲ್ಲಿ. ‘ಹಾರ್ಟ್ ಶೇಪ್ಡ್ ಬಾಕ್ಸ್’ ಮತ್ತು ‘ಆಲ್ ಅಪಾಲಜೀಸ್’ ಎರಡು ಹಾಡನ್ನು ಸಿಯಾಟಲ್‌ನಲ್ಲಿ ಸ್ಕಾಟ್ ಲಿಟ್ ಹೊಸದಾಗಿ ಮಿಕ್ಸ್ ಮಾಡಿದ. ಈ ಲಿಟ್ ಯಾರು? ಆರ್‌ಇಎಂ ಬ್ಯಾಂಡಿನ ಪ್ರೊಡ್ಯೂಸರ್. ಆಲ್ಬಿನಿಯ ಆ ಹಳೇ ಮಾತು ಹೀಗೆ ಬಡ್ಡಿ ಸಮೇತ ವಾಪಸ್ ಬಂತು. ಆ ಹೊತ್ತಿಗೆ ಕೋಬೇನ್ ‘ಹಾರ್ಟ್ ಶೇಪ್ಡ್ ಬಾಕ್ಸ್’ಗೆ ಒಂದಿಷ್ಟು ಅಕೌಸ್ಟಿಕ್ ಗಿಟಾರ್, ಇನ್ನೊಂದು ಎಳೆ ಧ್ವನಿ ಕೂಡ ಸೇರಿಸಿದ. ಉಳಿದ ಹಾಡುಗಳನ್ನು ಮುಟ್ಟಲಿಲ್ಲ. ಬಾಬ್ ಲಡ್‌ವಿಗ್ ಮಾಸ್ಟರಿಂಗ್, ಅಂದರೆ ಇಡೀ ಆಲ್ಬಮ್‌ಗೆ ಕೊನೆಯ ಹದ ಕೊಡುವ ಕೆಲಸ, ಮಾಡುವಾಗ ಬೇಸ್ ಅನ್ನು ಚುರುಕು ಮಾಡಿ, ಹಾಡುವ ಧ್ವನಿಯನ್ನು ಸುಮಾರು 3 ಡೆಸಿಬಲ್ ಮೇಲೆ ತಂದರು. 3 ಡೆಸಿಬಲ್ ಅಂದರೆ ಶಕ್ತಿಯ ಲೆಕ್ಕದಲ್ಲಿ ಎರಡು ಪಟ್ಟು. ಕಿವಿಗೆ ಮಾತ್ರ ಹಾಡುವವನು ಒಂದು ಹೆಜ್ಜೆ ಮುಂದೆ ಬಂದ ಹಾಗೆ, ಅಷ್ಟೇ. ಅಂಗಡಿಗೆ ಬಂದದ್ದು ನಾನು ಮಾಡಿದ ರೆಕಾರ್ಡ್‌ನಂತೆ ಕೇಳಿಸುತ್ತಿಲ್ಲ ಅಂತ ಆಲ್ಬಿನಿ ಗೊಣಗಿದ.

ಯಾರು ಸರಿ? 2013ರಲ್ಲಿ, ಆಲ್ಬಮ್‌ಗೆ 20 ವರ್ಷ ತುಂಬಿದಾಗ, ಆ ಎರಡು ಹಾಡಿಗೆ ಆಲ್ಬಿನಿ ಮಾಡಿದ್ದ ಮೊದಲಿನ ಮಿಕ್ಸ್ ಹೊರಬಂತು. ಇಡೀ ಆಲ್ಬಮ್‌ಗೆ ಆಲ್ಬಿನಿಯೇ ಮಾಡಿದ ಹೊಸ ಮಿಕ್ಸ್ ಕೂಡ ಬಂತು. ಈಗ ಯಾರು ಬೇಕಾದರೂ ಪಕ್ಕಪಕ್ಕ ಇಟ್ಟು ಕೇಳಬಹುದು. ನನಗೆ ‘ಹಾರ್ಟ್ ಶೇಪ್ಡ್ ಬಾಕ್ಸ್’ ಲಿಟ್ ಕೈಯಲ್ಲೇ ಚೆನ್ನ. ಆಲ್ಬಿನಿಯದರಲ್ಲಿ ಗಿಟಾರ್ ಸೋಲೊ ಬಂದಾಗ ಒಂದು ವಿಚಿತ್ರ ನಡುಗುವ ಪರಿಣಾಮ ಇದೆ. ಕೇಳಿದರೆ ಟೇಪ್ ಸಿಕ್ಕಿಹಾಕಿಕೊಂಡಿತೇನೋ ಅನ್ನಿಸುತ್ತದೆ. ‘ಆಲ್ ಅಪಾಲಜೀಸ್’ ವಿಷಯದಲ್ಲಿ ಅಷ್ಟು ಗಟ್ಟಿಯಾಗಿ ಹೇಳಲಾರೆ. ಆದರೆ ‘ಮಿಲ್ಕ್ ಇಟ್’, ‘ಸೆಂಟ್‌ಲೆಸ್ ಅಪ್ರೆಂಟಿಸ್’ ಇಂಥವನ್ನು ಬೇರೆ ಯಾರಾದರೂ ಮುಟ್ಟಿದ್ದರೆ ಕೆಡುತ್ತಿತ್ತು. ನಮ್ಮ ಕೈಗೆ ಬಂದ ಆಲ್ಬಮ್ ಯಾರೊಬ್ಬರ ಗೆಲುವೂ ಅಲ್ಲ. ಕೋಣೆ ಆಲ್ಬಿನಿಯದು, ಧ್ವನಿ ಕೋಬೇನ್‌ನದು. ಆ ರಾಜಿ ಒಳ್ಳೆಯ ರಾಜಿ.

1993ರ ಸೆಪ್ಟೆಂಬರ್ 21ಕ್ಕೆ ಅಮೆರಿಕದಲ್ಲಿ ಸೀಡಿ, ಕ್ಯಾಸೆಟ್ ಬಂತು. ಮೊದಲ ವಾರ 1 ಲಕ್ಷ 80 ಸಾವಿರ ಪ್ರತಿ, ನೇರ ಮೊದಲ ಸ್ಥಾನ. ಬ್ರಿಟನ್‌ನಲ್ಲೂ ಮೊದಲ ಸ್ಥಾನ. ವಿಮರ್ಶಕರು ಮೆಚ್ಚಿಕೊಂಡರು. ‘ವಿಲೇಜ್ ವಾಯ್ಸ್’ ಪತ್ರಿಕೆಯ ವರ್ಷದ ವಿಮರ್ಶಕರ ಪಟ್ಟಿಯಲ್ಲಿ ಗಾಯಕಿ ಲಿಜ್ ಫೇರ್ ಆಲ್ಬಮ್ ನಂತರ ಎರಡನೆಯದು ಇದೇ. ಆದರೆ ಮುಂದಿನ ತಿಂಗಳೇ ಪರ್ಲ್ ಜ್ಯಾಮ್ ಬ್ಯಾಂಡಿನ ‘ವರ್ಸಸ್’ ಆಲ್ಬಮ್ ಬಂದು ಐದೇ ದಿನದಲ್ಲಿ ಸುಮಾರು 9 ಲಕ್ಷ 50 ಸಾವಿರ ಮಾರಾಟವಾಯಿತು. ಅದರ ಪಕ್ಕದಲ್ಲಿ ಇಟ್ಟು ನೋಡಿದಾಗ ಮಾತ್ರ 1 ಲಕ್ಷ 80 ಸಾವಿರ ಎಷ್ಟು ಸಣ್ಣದು ಅಂತ ಗೊತ್ತಾಗುತ್ತದೆ. ಜನ ಬಿಟ್ಟುಹೋಗಲಿ ಅಂತಲೇ ಮಾಡಿದ ಆಲ್ಬಮ್ ಇದು ಅನ್ನುವವರಿದ್ದಾರೆ. ಸ್ವಲ್ಪ ಜನ ಬಿಟ್ಟುಹೋದದ್ದೂ ನಿಜ.

ವಾಲ್‌ಮಾರ್ಟ್ ಮತ್ತು ಕೆಮಾರ್ಟ್ ಅಂಗಡಿಗಳು ಇದನ್ನು ಇಡಲಿಲ್ಲ. ಹಿಂಬದಿಯ ಚಿತ್ರದಲ್ಲಿ ಭ್ರೂಣದ ಮಾದರಿಗಳು, ಹೂವು, ಅಂಗಗಳು ಹರಡಿವೆ. ‘ರೇಪ್ ಮಿ’ ಅನ್ನುವ ಹಾಡಿನ ಹೆಸರೂ ತೊಂದರೆ. ಅದು ಅತ್ಯಾಚಾರದ ವಿರುದ್ಧದ ಹಾಡು ಅಂತ ಕೋಬೇನ್ ಮತ್ತೆ ಮತ್ತೆ ಹೇಳಬೇಕಾಯಿತು. 1994ರ ಮಾರ್ಚ್‌ನಲ್ಲಿ ಆ ಅಂಗಡಿಗಳಿಗಾಗಿ ಚಿತ್ರ ಬದಲಿಸಿ, ಹಾಡಿನ ಹೆಸರು ‘ವೇಫ್ ಮಿ’ ಅಂತ ಮಾಡಿ ಇನ್ನೊಂದು ಆವೃತ್ತಿ ತಂದರು. ಇಷ್ಟು ಹಟವಾದಿ ಮನುಷ್ಯ ಇದಕ್ಕೆ ಒಪ್ಪಿದ್ದು ಏಕೆ? ತಾನು ಚಿಕ್ಕವನಿದ್ದಾಗ ಊರಲ್ಲಿ ಕ್ಯಾಸೆಟ್ ಸಿಗುತ್ತಿದ್ದದ್ದೇ ಅಂಥ ಅಂಗಡಿಯಲ್ಲಿ, ಅಂಥ ಊರಿನ ಹುಡುಗರಿಗೂ ಸಿಗಲಿ ಅಂತ. ನನ್ನ ಹಾಸನದ ರೂಮ್‌ಮೇಟ್‌ಗೆ ಈ ಕಾರಣ ಹೇಳಿದ ಕೂಡಲೇ ಅರ್ಥವಾಯಿತು. ರಾಕ್ ಕ್ಯಾಸೆಟ್ ಬೇಕಾದರೆ ಅವನು ಬೆಂಗಳೂರಿಗೆ ಬರುವವರ ಕೈಲಿ ಚೀಟಿ ಕೊಟ್ಟು ಕಳಿಸುತ್ತಿದ್ದನಂತೆ.

1994ರ ಏಪ್ರಿಲ್ 5ರಂದು ಕೋಬೇನ್ ತೀರಿಕೊಂಡ. ಆಮೇಲೆ ಈ ಆಲ್ಬಮ್ ಅನ್ನು ಯಾರೂ ಸುಮ್ನೆ ಕೇಳಲಿಲ್ಲ. ಪ್ರತಿ ಸಾಲಿನಲ್ಲೂ ಸಾವಿನ ಮುನ್ಸೂಚನೆ ಹುಡುಕಿದರು. ಇಲ್ಲಿ ಕಾಲೇಜು ಹಾಸ್ಟೆಲ್‌ಗಳಲ್ಲೂ ಅದೇ ನಡೆಯಿತು, ರಾತ್ರಿಯೆಲ್ಲ. ನನಗೆ ಈ ಓದು ಹಿಡಿಸುವುದಿಲ್ಲ. ಕಾರಣ ಸರಳ, ದಿನಾಂಕ ಹೊಂದುವುದಿಲ್ಲ. ‘ಆಲ್ ಅಪಾಲಜೀಸ್’, ‘ಡಂಬ್’, ‘ಪೆನಿರಾಯಲ್ ಟೀ’ ಇವೆಲ್ಲ ‘ನೆವರ್‌ಮೈಂಡ್’ ಬರುವುದಕ್ಕೂ ಮೊದಲು ಹುಟ್ಟಿದ ಹಾಡುಗಳು. ‘ಆಲ್ ಅಪಾಲಜೀಸ್’ ಅನ್ನು 1991ರ ಜನವರಿಯಲ್ಲೇ ಒಮ್ಮೆ ರೆಕಾರ್ಡ್ ಮಾಡಿದ್ದರು. ಆಗ ಅವರಿಗೆ ದುಡ್ಡೂ ಇಲ್ಲ, ಹೆಸರೂ ಇಲ್ಲ. ಖ್ಯಾತಿಯಿಂದ ನೊಂದವನ ಕೊನೆಯ ಮಾತು ಅಂತ ಅದನ್ನು ಓದುವುದು ಹೇಗೆ? ಒಬ್ಬ ಹುಡುಗ ಮೂರು ವರ್ಷ ಕಟ್ಟಿ, ತಿದ್ದಿ, ಮತ್ತೆ ಕಟ್ಟಿದ ಹಾಡು ಅದು. ಅದರಲ್ಲಿ ಕೆರಾ ಷೇಲಿ ನುಡಿಸಿದ ಚೆಲ್ಲೊ ಇದೆ. ಅದನ್ನು ಕೇಳಿ, ಸಾಕು. ಆಲ್ಬಮ್‌ಗೆ ಮೊದಲು ಇಟ್ಟಿದ್ದ ಹೆಸರು ಸಾವಿನ ಮೇಲೇ ಇತ್ತು, ಅದು ಕೋಬೇನ್‌ನ ಕರಿ ಹಾಸ್ಯ. ನೊವೊಸೆಲಿಕ್ ಬೇಡ ಅಂದ ಮೇಲೆ ಬಿಟ್ಟ. ಈಗಿನ ಹೆಸರು ಹೆಂಡತಿ ಕೋರ್ಟ್ನಿ ಲವ್ ಬರೆದ ಕವಿತೆಯೊಂದರಿಂದ ಬಂತು.

ಆಲ್ಬಿನಿ 2024ರ ಮೇ 7ರಂದು, 61ನೇ ವಯಸ್ಸಿನಲ್ಲಿ, ಹೃದಯಾಘಾತದಿಂದ ಹೋದರು. ಸುದ್ದಿ ಬಂದ ವಾರ ನನ್ನ ಗೆಳೆಯನ ಸ್ಟುಡಿಯೋಗೆ ಒಬ್ಬ ಡ್ರಮ್ಮರ್ ಹುಡುಗ ಬಂದಿದ್ದ. ಎಂಜಿನಿಯರಿಂಗ್ ಕೊನೆಯ ವರ್ಷ, ಕನ್ನಡದಲ್ಲೇ ಹಾಡು ಬರೆಯುವ ಬ್ಯಾಂಡ್. ಫೋನಿನಲ್ಲಿ ‘ಸೆಂಟ್‌ಲೆಸ್ ಅಪ್ರೆಂಟಿಸ್’ ಹಾಕಿ, ‘ಅಣ್ಣಾ, ಈ ಸೌಂಡ್ ಬೇಕು’ ಅಂದ. ಗೆಳೆಯ ತನ್ನ ಹತ್ತಡಿ ಕೋಣೆ ತೋರಿಸಿ, ‘ಇಲ್ಲಿ ಬೇಕಾದರೆ ಪುರಂದರದಾಸರ ಕೀರ್ತನೆ ಚೆನ್ನಾಗಿ ಬರುತ್ತೆ’ ಅಂದ. ಕಂಪ್ಯೂಟರ್‌ನಲ್ಲಿ ಪ್ಲಗಿನ್ ಹಾಕಿ ಕೋಣೆ ದೊಡ್ಡದು ಮಾಡೋಣ ಅಂತಲೂ ಹೇಳಿದ. ಹುಡುಗ ಒಪ್ಪಲಿಲ್ಲ. ಆಮೇಲೆ ಗೆಳೆಯನಿಗೇ ಹೊಳೆಯಿತು. ಆಷಾಢ ಬರುತ್ತಿದೆ, ಮದುವೆ ಇರಲ್ಲ, ಕಲ್ಯಾಣ ಮಂಟಪಗಳೆಲ್ಲ ಖಾಲಿ.

ಜುಲೈನಲ್ಲಿ ನಾವು ಮೂವರೂ ಹತ್ತಿರದ ಒಂದು ಮಂಟಪಕ್ಕೆ ಹೋದೆವು. ಮ್ಯಾನೇಜರ್ ಬಾಡಿಗೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಬಿಟ್ಟರು, ‘ಕರೆಂಟ್ ಬಿಲ್ಲು ಬೇರೆ ಸ್ವಾಮಿ’ ಅಂದರು. ಗೆಳೆಯ ಹಾಲ್ ನಡುವೆ ನಿಂತು ಚಪ್ಪಾಳೆ ಹೊಡೆದ. ಶಬ್ದ ಹೋಯಿತು, ಬಂತು, ಮತ್ತೆ ಹೋಯಿತು. ಜಾಸ್ತಿಯಾಯಿತು. ಇಷ್ಟು ಮಾರ್ದನಿ ಇದ್ದರೆ ಒಂದು ಪೆಟ್ಟು ಮುಗಿಯುವ ಮೊದಲೇ ಇನ್ನೊಂದು ಅದರ ಮೇಲೆ ಬೀಳುತ್ತದೆ, ಎಲ್ಲ ಕಲಸಿಹೋಗುತ್ತದೆ. ಗಂಡಿನ ಕಡೆಯವರ ರೂಮುಗಳಿಂದ ಹಾಸಿಗೆ ತಂದು ಒಂದು ಗೋಡೆಗೆ ಒರಗಿಸಿದೆವು. ಊಟದ ಹಾಲ್‌ನ ಜಮಖಾನಗಳನ್ನು ಮಡಚಿ ಮೂಲೆಗೆ ಹಾಕಿದೆವು. ಮತ್ತೆ ಚಪ್ಪಾಳೆ. ಈ ಸಲ ಗೆಳೆಯ ತಲೆ ಆಡಿಸಿದ.

ಹುಡುಗನಿಗೆ ಅಷ್ಟಕ್ಕೇ ತೃಪ್ತಿಯಿಲ್ಲ. ‘ಸರ್, ಒಂದು ಹಾಡಿಗೆ ಅಡುಗೆ ಮನೆ ತೆಗೆದು ಕೊಡ್ತೀರಾ?’ ಅಂತ ಮ್ಯಾನೇಜರ್‌ನ ಕೇಳಿದ. ಅವರು ಅವನನ್ನು ಮೇಲಿಂದ ಕೆಳಗೆ ನೋಡಿದರು. ‘ಅದರ ಬೀಗದ ಕೈ ಭಟ್ಟರ ಹತ್ರ ಇದೆ. ಅವರು ಊರಿಗೆ ಹೋಗಿದಾರೆ, ಶ್ರಾವಣಕ್ಕೇ ಬರೋದು.’ ಹುಡುಗ ಬಿಡಲಿಲ್ಲ. ಊಟದ ಹಾಲ್ ಪಕ್ಕ ಕೈ ತೊಳೆಯುವ ಜಾಗಕ್ಕೆ ಹೋದ. ಸಾಲಾಗಿ ನಲ್ಲಿ, ಸೂರಿನವರೆಗೆ ಟೈಲ್ಸ್. ಅಲ್ಲಿಂದಲೇ ಒಂದು ಚಪ್ಪಾಳೆ ಹೊಡೆದು, ‘ಅಣ್ಣಾ, ಸ್ನೇರ್ ಡ್ರಮ್ ಇಲ್ಲಿಗೆ ತಗೊಂಡು ಬನ್ನಿ’ ಅಂತ ಕೂಗಿದ.